ಮಾರಂಡಹಳ್ಳಿಯ ಪಾಲಿನ ತರಂಗ: ಜಿನೀವಾದ ನಿಯಮ, ಗಡಿಯೂರಿನ ಹಕ್ಕು

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ತಾಲ್ಲೂಕಿಗೆ ಸೇರಿದ ಮಾರಂಡಹಳ್ಳಿಯು ಸೇಲಂನಿಂದ ಧರ್ಮಪುರಿ, ಹೊಸೂರುಗಳ ಮೂಲಕ ಬೆಂಗಳೂರಿಗೆ ಹೋಗುವ ರೈಲುಮಾರ್ಗದ ಮೇಲಿರುವ ಒಂದು ಪಟ್ಟಣ ಪಂಚಾಯಿತಿ. ಕನ್ನಡ, ತಮಿಳು, ತೆಲುಗು ಮೂರೂ ಮನೆಮಾತುಗಳಾಗಿರುವ ಈ ಸೀಮೆ 1956ರ ರಾಜ್ಯ ಪುನರ್ವಿಂಗಡಣೆಯ ಸಂದರ್ಭದಲ್ಲಿ ಮದ್ರಾಸ್ ರಾಜ್ಯದ ಸೇಲಂ ಜಿಲ್ಲೆಯಲ್ಲಿಯೇ ಉಳಿದು, 1965ರಲ್ಲಿ ಆ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಧರ್ಮಪುರಿಯ ಭಾಗವಾಯಿತು. ಇಲ್ಲಿಯ ಒಬ್ಬ ರೈತ ಕೇಳುವ ರೇಡಿಯೊ, ಟೊಮೆಟೊ ದರ ವಿಚಾರಿಸಲು ಬಳಸುವ ಮೊಬೈಲು, ಮನೆಯ ಚಾವಣಿಯ ಮೇಲಿನ ಡಿಶ್ ಆಂಟೆನಾ, ಇವೆಲ್ಲವೂ ಯಾವ ಕಂಪನಾಂಕದಲ್ಲಿ, ಎಷ್ಟು ದೂರ, ಯಾವ ಲಿಪಿಯಲ್ಲಿ ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸುವ ನಿಯಮಗಳು ಬಹುಪಾಲು ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಅಥವಾ ಅಲ್ಲಿಂದ ಕರೆಯಲಾಗುವ ಸಭೆಗಳಲ್ಲಿ ರೂಪುಗೊಳ್ಳುತ್ತವೆ. ಆ ನಿಯಮಗಳು ಹೇಗೆ ಹುಟ್ಟುತ್ತವೆ, ಅವುಗಳಲ್ಲಿ ಗಡಿನಾಡಿನ ಸಣ್ಣ ಊರಿನ ಅಗತ್ಯಕ್ಕೆ ಎಷ್ಟು ಜಾಗವಿದೆ, ಆ ಜಾಗವನ್ನು ಹೆಚ್ಚಿಸಿಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆಗಳು ಈ ಕಾರಣದಿಂದ ತಂತ್ರಜ್ಞರಿಗೆ ಮಾತ್ರ ಸೇರಿದವುಗಳಾಗಿ ಉಳಿಯುವುದಿಲ್ಲ.

ಒಂಬತ್ತರ ಲೆಕ್ಕ

ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರ 612 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ನಡೆಯುತ್ತದೆ, ಅಂದರೆ ಅದರ ವಾಹಕ ತರಂಗ ಒಂದು ಸೆಕೆಂಡಿಗೆ 6,12,000 ಬಾರಿ ಕಂಪಿಸುತ್ತದೆ. ಬೆಂಗಳೂರಿನಿಂದ ನೇರ ರೇಖೆಯಲ್ಲಿ ನೂರು ಕಿಲೋಮೀಟರಿಗಿಂತ ಹತ್ತಿರವಿರುವ ಮಾರಂಡಹಳ್ಳಿಗೆ ಈ ತರಂಗ ಹಗಲು ಹೊತ್ತಿನಲ್ಲಿ ನೆಲವನ್ನು ಅನುಸರಿಸಿಕೊಂಡು ಬರುತ್ತದೆ. ಧಾರವಾಡದ 765, ಭದ್ರಾವತಿಯ 675, ಮಂಗಳೂರಿನ 1089, ಕಲಬುರಗಿಯ 1107, ತಮಿಳುನಾಡಿನ ಕಡೆಯಿಂದ ಚೆನ್ನೈನ 720, ತಿರುಚಿರಾಪಳ್ಳಿಯ 936, ಕೊಯಮತ್ತೂರಿನ 999 ಎಂಬ ಸಂಖ್ಯೆಗಳನ್ನು ಇದರ ಜೊತೆಗಿಟ್ಟು ನೋಡಿದರೆ, ಇವೆಲ್ಲವೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುದು ಕಾಣಿಸುತ್ತದೆ. ಈ ಒಂಬತ್ತನ್ನು ಆರಿಸಿದ್ದು ದೆಹಲಿಯೂ ಅಲ್ಲ, ಬೆಂಗಳೂರೂ ಅಲ್ಲ. 1975ರಲ್ಲಿ ಜಿನೀವಾದಲ್ಲಿ ಸೇರಿದ ಪ್ರಸಾರ ಸಮ್ಮೇಳನವು ಯುರೋಪ್, ಆಫ್ರಿಕಾ, ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದ ದೇಶಗಳಿಗೆ ಸಮಾನವಾಗಿ ಒಪ್ಪಿಸಿದ ಅಳತೆ ಇದು. ಆ ಒಪ್ಪಂದ 1978ರ ನವೆಂಬರ್ 23ರಂದು ಜಾರಿಗೆ ಬಂದಿತು.

ಇಂಥ ಒಪ್ಪಂದ ಏಕೆ ಬೇಕಾಯಿತೆಂಬುದಕ್ಕೆ ಉತ್ತರ ಭೂಮಿಯ ಮೇಲಿನ ವಾತಾವರಣದಲ್ಲಿಯೇ ಇದೆ. ಸೂರ್ಯನ ಕಿರಣಗಳಿಂದ ವಿದ್ಯುದಾವೇಶ ಪಡೆದ ವಾಯುಪದರಗಳ ಸಮೂಹವನ್ನು ಅಯಾನುಗೋಳವೆಂದು ಕರೆಯುತ್ತಾರೆ. ಅದರ ಅತ್ಯಂತ ಕೆಳಗಿನ ಪದರ ಹಗಲಿನಲ್ಲಿ ಮಧ್ಯಮ ತರಂಗಗಳನ್ನು ಹೀರಿಕೊಳ್ಳುತ್ತದೆ, ಸೂರ್ಯಾಸ್ತದ ನಂತರ ಆ ಪದರ ಕರಗಿಹೋದಾಗ ಮೇಲಿನ ಪದರಗಳು ಅದೇ ತರಂಗಗಳನ್ನು ಭೂಮಿಗೆ ಮರಳಿಸುತ್ತವೆ, ಹೀಗಾಗಿ ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ಆಚೆಯ ಕೇಂದ್ರಗಳು ರಾತ್ರಿ ಹೊತ್ತು ಕೇಳಿಸತೊಡಗುತ್ತವೆ. ಒಂದು ದೇಶ ಹತ್ತು ಕಿಲೋಹರ್ಟ್ಸ್ ಅಂತರದಲ್ಲಿಯೂ ಇನ್ನೊಂದು ಒಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿಯೂ ಕೇಂದ್ರಗಳನ್ನು ಕೂರಿಸಿದರೆ, ಅವುಗಳ ವಾಹಕ ತರಂಗಗಳ ನಡುವಿನ ವ್ಯತ್ಯಾಸವೇ ಸಿಳ್ಳಿನ ಸದ್ದಾಗಿ ರೇಡಿಯೊದೊಳಗೆ ಕೇಳಿಸುತ್ತದೆ. ಸಮಾನ ಅಂತರವನ್ನು ಒಪ್ಪಿಕೊಂಡದ್ದರಿಂದ ಆ ಸಿಳ್ಳು ತಗ್ಗಿತು, ಒಂದೇ ಪಟ್ಟಿಯಲ್ಲಿ ಹೆಚ್ಚು ಕೇಂದ್ರಗಳಿಗೆ ಜಾಗವೂ ಸಿಕ್ಕಿತು. ರಾಜ್ಯದ ಗಡಿಯಾಚೆ ಕನ್ನಡ ವಾರ್ತೆ ಕೇಳುವ ಮನೆಗಳಿಗೆ ಈ ಒಪ್ಪಂದ ಯಾವ ಸದ್ದೂ ಮಾಡದೆ ನೀಡಿದ ಉಪಕಾರ ದೊಡ್ಡದು.

ಬಲವಂತವಿಲ್ಲದ ನ್ಯಾಯ

ಈ ಒಪ್ಪಂದಗಳ ಹಿಂದಿರುವ ಸಂಸ್ಥೆಯ ಹೆಸರು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಸಂಕ್ಷೇಪದಲ್ಲಿ ಐಟಿಯು. ಒಂದು ದೇಶದ ತಂತಿ ಸಂದೇಶವನ್ನು ಗಡಿಯಲ್ಲಿ ಕಾಗದಕ್ಕಿಳಿಸಿ, ಪಕ್ಕದ ದೇಶದ ಕಚೇರಿಗೆ ಕೊಟ್ಟು, ಅಲ್ಲಿಂದ ಮತ್ತೆ ಕಳುಹಿಸಬೇಕಾಗಿದ್ದ ಕಾಲದಲ್ಲಿ, 1865ರ ಮೇ 17ರಂದು ಪ್ಯಾರಿಸ್‌ನಲ್ಲಿ ಇಪ್ಪತ್ತು ದೇಶಗಳು ಅಂತರರಾಷ್ಟ್ರೀಯ ತಂತಿ ಒಕ್ಕೂಟವನ್ನು ಸ್ಥಾಪಿಸಿದವು. ಭಾರತ 1869ರಿಂದಲೂ ಅದರ ಸದಸ್ಯ. ನಿಸ್ತಂತು ಬಂದಾಗ ಹೊಸ ತೊಡಕು ಎದುರಾಯಿತು. ಒಂದು ಕಂಪನಿಯ ಉಪಕರಣವಿರುವ ತೀರದ ಕೇಂದ್ರ ಬೇರೆ ಕಂಪನಿಯ ಉಪಕರಣವಿರುವ ಹಡಗಿನೊಡನೆ ಮಾತನಾಡಲು ಒಪ್ಪದ ಸ್ಥಿತಿಯಿತ್ತು. 1906ರ ಬರ್ಲಿನ್ ಸಮ್ಮೇಳನವು ಉಪಕರಣ ಯಾರದೇ ಆಗಿರಲಿ, ಹಡಗಿಗೂ ತೀರಕ್ಕೂ ಸಂದೇಶ ವಿನಿಮಯ ಕಡ್ಡಾಯವೆಂದು ವಿಧಿಸಿತು, ಅಪಾಯದ ಕರೆಯಾಗಿ ಎಸ್‌ಓಎಸ್ ಸಂಕೇತವನ್ನು ಅಂಗೀಕರಿಸಿತು. 1927ರ ವಾಷಿಂಗ್ಟನ್ ಸಮ್ಮೇಳನ ಯಾವ ಸೇವೆಗೆ ಯಾವ ಕಂಪನಾಂಕವೆಂಬ ಪಟ್ಟಿಗೆ ಅಡಿಪಾಯ ಹಾಕಿತು. 1932ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಂಸ್ಥೆಗೆ ಈಗಿನ ಹೆಸರು ಬಂದಿತು. 1947ರಲ್ಲಿ ವಿಶ್ವಸಂಸ್ಥೆಯೊಡನೆ ಒಪ್ಪಂದವಾಗಿ ಅದರ ವಿಶೇಷ ಸಂಸ್ಥೆಗಳಲ್ಲಿ ಒಂದಾಯಿತು.

ಇಂದು 194 ಸದಸ್ಯ ದೇಶಗಳಿರುವ ಈ ಒಕ್ಕೂಟದ ಕೆಲಸ ಮೂರು ವಿಭಾಗಗಳಲ್ಲಿ ನಡೆಯುತ್ತದೆ: ರೇಡಿಯೊ ತರಂಗಗಳ ಹಂಚಿಕೆ, ದೂರಸಂಪರ್ಕದ ಮಾನಕಗಳ ರಚನೆ, ಹಿಂದುಳಿದ ಪ್ರದೇಶಗಳಲ್ಲಿ ಸಂಪರ್ಕದ ಅಭಿವೃದ್ಧಿ. ಮಾನಕವೆಂದರೆ ಬೇರೆ ಬೇರೆ ತಯಾರಕರ ಉಪಕರಣಗಳು ಒಂದನ್ನೊಂದು ಅರ್ಥಮಾಡಿಕೊಳ್ಳುವಂತೆ ಮಾಡುವ ಸಮಾನ ನಿಯಮ. ತರಂಗಗಳ ಹಂಚಿಕೆಗಾಗಿ ಜಗತ್ತನ್ನು ಮೂರು ವಲಯಗಳಾಗಿ ವಿಂಗಡಿಸಲಾಗಿದ್ದು, ಭಾರತ ಮೂರನೆಯದರಲ್ಲಿದೆ. ಮೂರು ನಾಲ್ಕು ವರ್ಷಗಳಿಗೊಮ್ಮೆ ಸೇರುವ ವಿಶ್ವ ರೇಡಿಯೊ ಸಂವಹನ ಸಮ್ಮೇಳನವು ರೇಡಿಯೊ ನಿಯಮಾವಳಿಯೆಂಬ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಪರಿಷ್ಕರಿಸುತ್ತದೆ. ಕೊನೆಯದಾಗಿ 2023ರ ನವೆಂಬರ್ 20ರಿಂದ ಡಿಸೆಂಬರ್ 15ರವರೆಗೆ ಅದು ದುಬೈನಲ್ಲಿ ನಡೆಯಿತು. ಆ ನಿಯಮಾವಳಿಗೆ ಅನುಗುಣವಾಗಿ ಭಾರತದೊಳಗಿನ ಹಂಚಿಕೆಯ ಯೋಜನೆಯನ್ನು ರೂಪಿಸುವುದು 1952ರಲ್ಲಿ ಸ್ಥಾಪನೆಯಾಗಿ ಈಗ ದೂರಸಂಪರ್ಕ ಇಲಾಖೆಯೊಳಗಿರುವ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗ.

ಐಟಿಯುವಿನ ಕೈಯಲ್ಲಿ ಪೊಲೀಸರಿಲ್ಲ, ದಂಡ ವಿಧಿಸುವ ಅಧಿಕಾರವೂ ಇಲ್ಲ. ಕೆರೆಯ ತೂಬಿನ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವ ನೀರುಗಂಟಿಯ ಮಾತು ಊರಿನಲ್ಲಿ ನಡೆಯುವುದು ಸರದಿ ತಪ್ಪಿದರೆ ತಮ್ಮ ಗದ್ದೆಯೂ ಒಣಗುತ್ತದೆಂಬ ಅರಿವು ಎಲ್ಲರಿಗೂ ಇರುವುದರಿಂದ. ಒಕ್ಕೂಟದ ನಿಯಮವೂ ಅದೇ ಅರಿವಿನ ಮೇಲೆ ನಿಂತಿದೆ. ಕಂಪನಾಂಕಗಳೂ ಉಪಗ್ರಹಗಳ ಕಕ್ಷೆಗಳೂ ಮಿತಿಯುಳ್ಳ ನೈಸರ್ಗಿಕ ಸಂಪತ್ತು, ಅವನ್ನು ವಿವೇಕದಿಂದಲೂ ಮಿತವ್ಯಯದಿಂದಲೂ ಬಳಸಬೇಕು, ಅಭಿವೃದ್ಧಿಶೀಲ ದೇಶಗಳ ವಿಶೇಷ ಅಗತ್ಯಗಳನ್ನು ಗಮನಿಸಿ ಎಲ್ಲ ದೇಶಗಳಿಗೂ ನ್ಯಾಯವಾದ ಅವಕಾಶ ದೊರೆಯಬೇಕು ಎಂಬ ತತ್ತ್ವವನ್ನು ಒಕ್ಕೂಟದ ಸಂವಿಧಾನದ 44ನೆಯ ವಿಧಿ ಹೇಳುತ್ತದೆ. ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದಿಂದ ನಿರ್ವಹಿಸಲ್ಪಡುವ ಭಾರತದ ಸಂವಹನ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ತಮ್ಮ ತಮ್ಮ ರೇಖಾಂಶಗಳಲ್ಲಿ ನಿಂತು ಕೆಲಸ ಮಾಡುವುದು ಈ ಸಮನ್ವಯದ ಫಲ. 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದ ಮೂಲಕ ದೂರದರ್ಶನದ ಉಚಿತ ಡಿಶ್ ಸೇವೆ ಮನೆಗಳನ್ನು ತಲುಪುತ್ತದೆ, ಮಾರಂಡಹಳ್ಳಿಯ ಚಾವಣಿಯ ಮೇಲಿನ ತಟ್ಟೆಗೂ ಚಂದನ ವಾಹಿನಿ ಹಾಗೆಯೇ ಸಿಗುತ್ತದೆ.

ತರಂಗಗಳ ಹಂಚಿಕೆಯಲ್ಲಿ ಮಾರಾಟಕ್ಕಿಲ್ಲದ ಪಾಲೂ ಇದೆ. ಊಟಿಯಲ್ಲಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ನಿರ್ಮಾಣವಾಗಿ 1970ರಿಂದ ಕೆಲಸ ಮಾಡುತ್ತಿರುವ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕವು 326.5 ಮೆಗಾಹರ್ಟ್ಸ್ ಸುತ್ತಮುತ್ತ ಆಕಾಶಕಾಯಗಳ ಅತಿ ಕ್ಷೀಣ ಸಂಕೇತಗಳನ್ನು ಹಿಡಿಯುತ್ತದೆ. ರೇಡಿಯೊ ನಿಯಮಾವಳಿ 322ರಿಂದ 328.6 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಖಗೋಳ ವಿಜ್ಞಾನಕ್ಕೆ ಪಾಲು ನೀಡಿರುವುದರಿಂದಲೇ ಅಂಥ ಸಂಶೋಧನೆಗೆ ರಕ್ಷಣೆ ದೊರೆತಿದೆ. ಹಣ ತರದ ಬಳಕೆಗೂ ಸಾರ್ವಜನಿಕ ಸಂಪತ್ತಿನಲ್ಲಿ ಹಕ್ಕಿದೆಯೆಂಬ ಈ ತತ್ತ್ವ, ಹೆಚ್ಚು ಲಾಭ ತರದ ಹಳ್ಳಿಗಳ ವಿಷಯಕ್ಕೂ ಅನ್ವಯವಾಗಬೇಕಾದದ್ದು.

ರಾಜ್ಯದ ಗಡಿಯೂ ತರಂಗದ ಗಡಿಯೂ

ದೇಶಗಳ ನಡುವೆ ಜಿನೀವಾ ಮಾಡುವ ಕೆಲಸವನ್ನು ದೇಶದೊಳಗೆ ಇಲಾಖೆ ಮಾಡಬೇಕಾಗುತ್ತದೆ. ಮೊಬೈಲ್ ಸೇವೆಗಾಗಿ ಭಾರತವನ್ನು 22 ಪರವಾನಗಿ ಸೇವಾ ವಲಯಗಳಾಗಿ ವಿಂಗಡಿಸಲಾಗಿದೆ, ತರಂಗಗುಚ್ಛದ ಹರಾಜು ಈ ವಲಯವಾರು ನಡೆಯುತ್ತದೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳು ತಮಿಳುನಾಡು ವಲಯದಲ್ಲಿವೆ, ಆನೇಕಲ್ಲು ಕರ್ನಾಟಕ ವಲಯದಲ್ಲಿದೆ. ಪ್ರತಿ ಸೇವಾ ಜಾಲಕ್ಕೂ ಒಂದು ಗುರುತಿನ ಸಂಖ್ಯೆ ಇರಬೇಕೆಂದು ಐಟಿಯುವಿನ ಇ.212 ಎಂಬ ಮಾನಕ ವಿಧಿಸಿದ್ದು, ಅದರಂತೆ ಭಾರತಕ್ಕೆ 404 ಮತ್ತು 405 ಎಂಬ ದೇಶಸಂಖ್ಯೆಗಳು ದೊರೆತಿವೆ. ಅವುಗಳ ಮುಂದೆ ಬರುವ ಜಾಲಸಂಖ್ಯೆ ಒಂದೇ ಕಂಪನಿಯದಾದರೂ ವಲಯದಿಂದ ವಲಯಕ್ಕೆ ಬೇರೆಯಾಗಿರುತ್ತದೆ. ಮಾರಂಡಹಳ್ಳಿಯಲ್ಲಿ ರೈಲು ಹತ್ತಿ ರಾಯಕೋಟೆ, ಕೆಲಮಂಗಲ, ಹೊಸೂರುಗಳನ್ನು ದಾಟಿ ಆನೇಕಲ್ ರಸ್ತೆ ನಿಲ್ದಾಣ ತಲುಪುವ ಪ್ರಯಾಣಿಕನ ಫೋನು ದಾರಿಯಲ್ಲಿ ಈ ಕಾರಣಕ್ಕೆ ಹೊಸ ಜಾಲದಲ್ಲಿ ನೋಂದಾಯಿಸಿಕೊಳ್ಳುತ್ತದೆ, ಪರದೆಯ ಮೇಲೆ ರೋಮಿಂಗ್ ಎಂಬ ಸೂಚನೆ ಮೂಡುತ್ತದೆ.

ರಾಜ್ಯದ ಗಡಿಯಲ್ಲಿ ನಿಲ್ಲಬೇಕೆಂಬುದು ಗೋಪುರದಿಂದ ಹೊರಟ ತರಂಗಕ್ಕೆ ತಿಳಿಯದಿರುವುದರಿಂದ, ಗಡಿಯ ಎರಡೂ ಬದಿಯ ಗೋಪುರಗಳ ಶಕ್ತಿ, ಎತ್ತರ, ಆಂಟೆನಾ ಮುಖ ಮಾಡಿರುವ ದಿಕ್ಕು ಇವುಗಳನ್ನು ಹೊಂದಿಸದೆ ಹೋದರೆ ಒಂದು ವಲಯದ ಸಂಕೇತ ಇನ್ನೊಂದರಲ್ಲಿ ಅಡಚಣೆಯಾಗುತ್ತದೆ. ಈ ಹೊಂದಾಣಿಕೆಗಾಗಿ ಶಕ್ತಿಯನ್ನು ತಗ್ಗಿಸಿದಾಗ ಸಂಕೇತ ಕ್ಷೀಣಿಸುವುದು ಗಡಿಯಂಚಿನ ಮನೆಗಳಲ್ಲಿಯೇ. ಅಂತರರಾಷ್ಟ್ರೀಯ ಗಡಿಗಳಲ್ಲಿ ದೇಶಗಳು ಕ್ಷೇತ್ರಮಾಪನ ನಡೆಸಿ, ಎಷ್ಟು ಬಲದ ಸಂಕೇತ ಆಚೆ ದಾಟಬಹುದೆಂದು ಲಿಖಿತವಾಗಿ ಒಪ್ಪಿಕೊಳ್ಳುವ ಪದ್ಧತಿ ಬೇರೂರಿದೆ. ರಾಜ್ಯಗಳ ಗಡಿಯಲ್ಲಿಯೂ ಅಂಥ ಮಾಪನ ನಡೆದು, ಅದರ ಫಲಿತಾಂಶ ಆಯಾ ಪಂಚಾಯಿತಿಗಳಿಗೆ ಸಿಗುವಂತಾಗುವುದು ನ್ಯಾಯ.

ಆರು ಕಿಲೋಮೀಟರಿನ ಗೆಲುವು

ಜಾಗತಿಕ ಮಾನಕದೊಳಗೆ ಭಾರತದ ಹಳ್ಳಿಯ ಅಳತೆಯನ್ನು ಬರೆಯಿಸಲು ಸಾಧ್ಯವೆಂಬುದಕ್ಕೆ ಇತ್ತೀಚಿನ ಗಟ್ಟಿ ನಿದರ್ಶನವೊಂದಿದೆ. ಐದನೆಯ ಪೀಳಿಗೆಯ ಮೊಬೈಲ್ ತಂತ್ರಜ್ಞಾನ ಹೇಗಿರಬೇಕೆಂದು ಐಟಿಯು ಮಾನದಂಡಗಳನ್ನು ರೂಪಿಸುತ್ತಿದ್ದಾಗ, ಗ್ರಾಮೀಣ ಪ್ರದೇಶದ ಪರೀಕ್ಷೆಗೆ ಇಟ್ಟುಕೊಂಡಿದ್ದ ಮಾದರಿಯಲ್ಲಿ ಗೋಪುರಗಳ ನಡುವಿನ ಅಂತರ 1,732 ಮೀಟರ್ ಆಗಿತ್ತು, ಬಳಕೆದಾರರಲ್ಲಿ ಅರ್ಧದಷ್ಟು ಜನ ಗಂಟೆಗೆ 120 ಕಿಲೋಮೀಟರ್ ವೇಗದ ಕಾರಿನಲ್ಲಿ ಹೋಗುವವರೆಂದು ಊಹಿಸಲಾಗಿತ್ತು. ಪಾಲಕ್ಕೋಡು ತಾಲ್ಲೂಕಿನ ಹಳ್ಳಿಗಳಲ್ಲಿ ನಡೆದು, ಸೈಕಲ್ಲು, ಮೊಪೆಡ್ಡುಗಳಲ್ಲಿ ಓಡಾಡಿ ಬದುಕುವವರಿಗೆ ಈ ಚಿತ್ರ ಹೊಂದುವುದಿಲ್ಲ. ಜನ ಒಂದೆಡೆ ಗುಂಪಾಗಿ ನೆಲೆಸಿ, ಊರುಗಳ ನಡುವೆ ಹೊಲಗಳು ಹರಡಿರುವ ಕಡೆ ಪ್ರತಿ ಎರಡು ಕಿಲೋಮೀಟರಿಗೆ ಒಂದು ಗೋಪುರ ಕಟ್ಟುವುದು ಯಾವ ಕಂಪನಿಗೂ ಲಾಭದಾಯಕವೂ ಅಲ್ಲ.

ಭಾರತದ ದೂರಸಂಪರ್ಕ ಮಾನಕ ಸಂಸ್ಥೆಯಾದ ಟಿಎಸ್‌ಡಿಎಸ್‌ಐ ಮೂಲಕ ಮದ್ರಾಸ್ ಮತ್ತು ಹೈದರಾಬಾದಿನ ಐಐಟಿಗಳ ಹಾಗೂ ನಿಸ್ತಂತು ತಂತ್ರಜ್ಞಾನದ ಉತ್ಕೃಷ್ಟತಾ ಕೇಂದ್ರದ ತಜ್ಞರು ಬೇರೊಂದು ಮಾದರಿಯನ್ನು ಮಂಡಿಸಿದರು. ಕಡಿಮೆ ಚಲನೆ, ದೊಡ್ಡ ಕೋಶ ಎಂಬುದು ಅದರ ಸಾರ. ಕೋಶವೆಂದರೆ ಒಂದು ಗೋಪುರ ಸೇವೆ ನೀಡುವ ಪ್ರದೇಶ. ಗೋಪುರಗಳ ನಡುವೆ 6 ಕಿಲೋಮೀಟರ್ ಅಂತರ, 700 ಮೆಗಾಹರ್ಟ್ಸ್ ಕಂಪನಾಂಕ, ಬಳಕೆದಾರರಲ್ಲಿ ಶೇ 40 ಮನೆಯೊಳಗಿರುವವರು, ಶೇ 40 ನಡೆದು ಹೋಗುವವರು, ಉಳಿದ ಶೇ 20 ಗಂಟೆಗೆ 30 ಕಿಲೋಮೀಟರ್ ವೇಗದ ವಾಹನದಲ್ಲಿರುವವರು ಎಂಬುದು ಅದರ ಲೆಕ್ಕ. ಐಟಿಯು 2017ರಲ್ಲಿ ಎಂ.2412 ಎಂಬ ತನ್ನ ವರದಿಯಲ್ಲಿ ಈ ಮಾದರಿಯನ್ನು ಸೇರಿಸಿಕೊಂಡಿತು. ಇಷ್ಟು ದೂರದಲ್ಲಿ ಎದುರಾಗುವ ಮುಖ್ಯ ತೊಡಕು ಫೋನಿನಿಂದ ಗೋಪುರದ ಕಡೆಗೆ ಹೋಗುವ ಸಂಕೇತದ್ದು, ಏಕೆಂದರೆ ಬ್ಯಾಟರಿಯಿಂದ ನಡೆಯುವ ಫೋನಿನ ಶಕ್ತಿ ಅಲ್ಪ; ಸಂಕೇತದ ಆಕಾರವನ್ನು ಬದಲಿಸಿ ಅದೇ ಫೋನಿನಿಂದ ಹೆಚ್ಚು ಶಕ್ತಿ ಹೊರಬರುವಂತೆ ಮಾಡುವ ವಿಧಾನವನ್ನು ಭಾರತೀಯ ತಜ್ಞರು ಪ್ರತಿಪಾದಿಸಿದರು. ಈ ಅಂಶಗಳಿಂದ ಕೂಡಿದ 5ಜಿಐ ಎಂಬ ಭಾರತೀಯ ಮಾನಕವನ್ನು 2021ರಲ್ಲಿ ಐಟಿಯು ಅಂಗೀಕರಿಸಿತು.

ಆಗ ಎದ್ದ ವಾದವೂ ಗಂಭೀರವಾದದ್ದು. ಒಂದು ದೇಶಕ್ಕೆ ಪ್ರತ್ಯೇಕ ಮಾನಕವಿದ್ದರೆ ಉಪಕರಣಗಳ ಬೆಲೆ ಏರುತ್ತದೆ, ಬೇರೆಡೆಯ ಫೋನುಗಳು ಇಲ್ಲಿ ಕೆಲಸ ಮಾಡುವುದು ಕಷ್ಟವಾಗುತ್ತದೆ ಎಂಬ ಆಕ್ಷೇಪ ಕಂಪನಿಗಳ ಕಡೆಯಿಂದ ಬಂದಿತು. ಕೊನೆಗೆ ಏಳು ಪ್ರಾದೇಶಿಕ ಮಾನಕ ಸಂಸ್ಥೆಗಳ ಕೂಟವಾದ 3ಜಿಪಿಪಿಯ ಜಾಗತಿಕ ಮಾನಕದ 17ನೆಯ ಆವೃತ್ತಿಯೊಳಗೆ 5ಜಿಐಯನ್ನು ವಿಲೀನಗೊಳಿಸಲಾಯಿತು. ಇದನ್ನು ಸೋಲೆಂದು ಎಣಿಸುವುದು ಸರಿಯಲ್ಲ. ತನ್ನ ಅಗತ್ಯವನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದಕ್ಕಿಂತ ಎಲ್ಲರ ಪುಸ್ತಕದಲ್ಲಿ ಬರೆಯಿಸುವುದು ಹೆಚ್ಚಿನ ಸಾಧನೆ, ಆ ಅಗತ್ಯವುಳ್ಳ ಆಫ್ರಿಕಾದ, ಆಗ್ನೇಯ ಏಷ್ಯಾದ ಹಳ್ಳಿಗಳಿಗೂ ಅದರಿಂದ ನೆರವಾಗುತ್ತದೆ. 700 ಮೆಗಾಹರ್ಟ್ಸ್ ಪಟ್ಟಿಯ ವಿಷಯದಲ್ಲಿಯೂ ಇದೇ ನಡೆದಿದೆ: ಬ್ಯಾಂಕಾಕಿನಲ್ಲಿ ಕೇಂದ್ರ ಕಚೇರಿಯಿರುವ ಏಷ್ಯಾ ಪೆಸಿಫಿಕ್ ಟೆಲಿಕಮ್ಯುನಿಟಿ ಆ ಪಟ್ಟಿಯನ್ನು ಬಳಸುವ ಸಮಾನ ಕ್ರಮವನ್ನು ರೂಪಿಸಿದ್ದರಿಂದ ಅನೇಕ ದೇಶಗಳಿಗೆ ಒಂದೇ ಬಗೆಯ ಉಪಕರಣ ಸಾಕಾಯಿತು, ಭಾರತದಲ್ಲಿ 2022ರ ಹರಾಜಿನಲ್ಲಿ ಆ ಪಟ್ಟಿ ಮೊದಲ ಬಾರಿಗೆ ಮಾರಾಟವಾಯಿತು. ಕಡಿಮೆ ಕಂಪನಾಂಕದ ತರಂಗ ಹೆಚ್ಚು ದೂರ ಸಾಗುವುದರಿಂದಲೂ ಗೋಡೆಗಳನ್ನು ಸುಲಭವಾಗಿ ದಾಟುವುದರಿಂದಲೂ ಹಳ್ಳಿಗಳಿಗೆ ಇಂಥ ಪಟ್ಟಿಗಳೇ ಬೇಕಾದವು.

ಈ ಮಾರ್ಗಕ್ಕೆ ಕರ್ನಾಟಕದಲ್ಲಿ ಹಳೆಯ ಪೂರ್ವನಿದರ್ಶನವೂ ಇದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಧೂಳು ಮತ್ತು ಸೆಕೆಗಳ ನಡುವೆ ಕೆಲಸ ಮಾಡಬಲ್ಲ 128 ಸಂಪರ್ಕಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ರೂಪಿಸಿ, ಮೊದಲನೆಯದನ್ನು 1986ರಲ್ಲಿ ಕಿತ್ತೂರಿನಲ್ಲಿ ಅಳವಡಿಸಿತು. ಊರಿನ ಸೆಕೆಗೆ ತಕ್ಕ ಯಂತ್ರವೂ ಜಗತ್ತಿನ ಜಾಲಕ್ಕೆ ತಕ್ಕ ಸಂಕೇತವೂ ಒಂದೇ ಪೆಟ್ಟಿಗೆಯೊಳಗೆ ಇರಬಲ್ಲವೆಂಬುದನ್ನು ಅದು ತೋರಿಸಿಕೊಟ್ಟಿತು.

ಲಿಪಿಗೆ ಸಿಕ್ಕಬೇಕಾದ ಜಾಗ

ಮಾನಕಗಳು ದೂರವನ್ನು ನಿರ್ಧರಿಸುವಂತೆಯೇ ಭಾಷೆಯ ಅವಕಾಶವನ್ನೂ ನಿರ್ಧರಿಸುತ್ತವೆ. ಮೊಬೈಲಿನ ಕಿರುಸಂದೇಶ, ಅಂದರೆ ಎಸ್‌ಎಂಎಸ್, 140 ಬೈಟುಗಳ ಮಿತಿಯುಳ್ಳದ್ದು. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಏಳು ಬಿಟ್‌ಗಳು ಸಾಕಾಗುವುದರಿಂದ 160 ಅಕ್ಷರಗಳು ಹಿಡಿಯುತ್ತವೆ, ಕನ್ನಡವನ್ನು ಹದಿನಾರು ಬಿಟ್‌ಗಳ ಯೂನಿಕೋಡ್‌ನಲ್ಲಿ ಕಳುಹಿಸಿದಾಗ 70 ಸಂಕೇತಗಳು ಮಾತ್ರ ಹಿಡಿಯುತ್ತವೆ. ಸ್ತ್ರೀ ಎಂಬ ಒಂದು ಅಕ್ಷರಕ್ಕೇ ವ್ಯಂಜನ, ಒತ್ತು, ಸ್ವರಚಿಹ್ನೆಗಳೆಲ್ಲ ಸೇರಿ ಆರು ಸಂಕೇತಗಳು ಬೇಕಾಗುವುದರಿಂದ ಕನ್ನಡಿಗರಿಗೆ ಸಿಗುವ ಜಾಗ ಇನ್ನೂ ಕಿರಿದು. ಈ ಅಸಮಾನತೆಯನ್ನು ತಗ್ಗಿಸಲು 3ಜಿಪಿಪಿಯ ಮಾನಕದ 9ನೆಯ ಆವೃತ್ತಿಯಲ್ಲಿ ಕನ್ನಡ, ತಮಿಳು, ತೆಲುಗುಗಳೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆ ಏಳು ಬಿಟ್‌ಗಳ ಪ್ರತ್ಯೇಕ ಕೋಷ್ಟಕಗಳನ್ನು ಸೇರಿಸಲಾಯಿತು. ಅವನ್ನು ಬಳಸಿದರೆ ಒಂದು ಸಂದೇಶದ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ಫೋನು ತಯಾರಕರೂ ಸೇವಾ ಕಂಪನಿಗಳೂ ಅವನ್ನು ಅಳವಡಿಸಿಕೊಂಡಾಗ ಮಾತ್ರ ಆ ಕೋಷ್ಟಕಗಳಿಂದ ಪ್ರಯೋಜನವಾಗುತ್ತದೆ.

ಭಾರತೀಯ ಮಾನಕ ಬ್ಯೂರೊ ರೂಪಿಸಿದ ಐಎಸ್ 16333ರ ಮೂರನೆಯ ಭಾಗವು ಭಾರತದಲ್ಲಿ ಮಾರಾಟವಾಗುವ ಫೋನುಗಳಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳ ಸಂದೇಶಗಳನ್ನೂ ಓದಲು ಸಾಧ್ಯವಾಗಬೇಕೆಂದು ವಿಧಿಸುತ್ತದೆ. ಮಾರಾಟವಾದ ರಾಜ್ಯದ ಭಾಷೆಯೊಂದೇ ಸಾಕೆಂದು ಅದು ಹೇಳದಿರುವುದು ಗಡಿನಾಡಿನ ದೃಷ್ಟಿಯಿಂದ ಮಹತ್ವದ ಅಂಶ, ಏಕೆಂದರೆ ಧರ್ಮಪುರಿಯ ಅಂಗಡಿಯಲ್ಲಿ ಕೊಂಡ ಫೋನಿನಲ್ಲಿ ಬೆಂಗಳೂರಿನ ಬಂಧುಗಳು ಕಳುಹಿಸಿದ ಕನ್ನಡ ಸಂದೇಶ ಚೌಕಗಳಾಗಿ ಒಡೆಯದೆ ಅಕ್ಷರಗಳಾಗಿಯೇ ಮೂಡುವುದು ಈ ವಿಧಿಯಿಂದ.

ಮುಂದಿನ ಹೆಜ್ಜೆ

ಇದೇ ತತ್ತ್ವವನ್ನು ವಿಸ್ತರಿಸಬೇಕಾದ ಕ್ಷೇತ್ರವೆಂದರೆ ವಿಪತ್ತಿನ ಮುನ್ನೆಚ್ಚರಿಕೆ. ಸಮಾನ ಎಚ್ಚರಿಕಾ ಕ್ರಮವೆಂಬ ಅಂತರರಾಷ್ಟ್ರೀಯ ಮಾನಕವನ್ನು ಐಟಿಯು ಎಕ್ಸ್.1303 ಎಂಬ ಹೆಸರಿನಲ್ಲಿ ಅಂಗೀಕರಿಸಿದ್ದು, ಅದರ ಆಧಾರದ ಮೇಲೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕಾಗಿ ಸಿ-ಡಾಟ್ ‘ಸಚೇತ್’ ವ್ಯವಸ್ಥೆಯನ್ನು ರೂಪಿಸಿದೆ. ಕೋಶ ಪ್ರಸಾರವೆಂಬ ವಿಧಾನದಲ್ಲಿ ಈ ಎಚ್ಚರಿಕೆಯು ಯಾರ ಸಂಖ್ಯೆಯನ್ನೂ ಹುಡುಕದೆ, ಆಯ್ದ ಗೋಪುರಗಳ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಏಕಕಾಲಕ್ಕೆ ತಲುಪುತ್ತದೆ. ಒಂದೇ ಎಚ್ಚರಿಕೆಯನ್ನು ಹಲವು ಭಾಷೆಗಳಲ್ಲಿ ಒಟ್ಟಿಗೆ ಕಳುಹಿಸಲು ಆ ಮಾನಕದಲ್ಲಿಯೇ ಅವಕಾಶವಿದೆ. ಮಾರಂಡಹಳ್ಳಿಯ ಸಮೀಪದ ಪಂಚಪಳ್ಳಿ ಅಣೆಕಟ್ಟೆಯಿಂದ ಚಿನ್ನಾರು ಹೊಳೆಗೆ ನೀರು ಬಿಡುವ ದಿನ, ಕೆಳಗಿನ ಊರುಗಳ ವೃದ್ಧರಿಗೆ ತಾವು ಓದಬಲ್ಲ ಲಿಪಿಯಲ್ಲಿ ಎಚ್ಚರಿಕೆ ಬರಬೇಕಾದದ್ದು ಜೀವರಕ್ಷಣೆಯ ಮಾತು.

ಜಾಗತಿಕ ದೂರಸಂಪರ್ಕ ಮಾನಕೀಕರಣ ಸಭೆ 2024ರ ಅಕ್ಟೋಬರಿನಲ್ಲಿ ನವದೆಹಲಿಯಲ್ಲಿ ನಡೆದುದರಿಂದ ಈ ವಿಷಯ ದೇಶದ ಗಮನಕ್ಕೆ ಬಂದಿದೆ. ಆರನೆಯ ಪೀಳಿಗೆಯ ಮೊಬೈಲ್ ತಂತ್ರಜ್ಞಾನಕ್ಕೆ ಐಟಿಯು 2023ರಲ್ಲಿ ಒಪ್ಪಿದ ಚೌಕಟ್ಟಿನಲ್ಲಿ ಎಲ್ಲೆಡೆಯ ಸಂಪರ್ಕವೂ ಒಂದು ಗುರಿಯಾಗಿ ಸೇರಿದೆ. ಅದರ ವಿವರಗಳು ಇನ್ನೂ ಬರೆಯಲ್ಪಡುತ್ತಿರುವ ಈ ಕಾಲವೇ ಹಳ್ಳಿಗಳ ಅಳತೆಗಳನ್ನು ಮುಂದಿಡಲು ತಕ್ಕ ಕಾಲ. 1,732 ಮೀಟರ್ 6 ಕಿಲೋಮೀಟರ್ ಆದದ್ದು ಯಾರದೋ ಔದಾರ್ಯದಿಂದಲ್ಲ. ಹಳ್ಳಿಯ ಬದುಕನ್ನು ಅಳೆದು, ಸಂಖ್ಯೆಗಳಾಗಿ ಬರೆದು, ಸಭೆಯಿಂದ ಸಭೆಗೆ ಪಟ್ಟುಬಿಡದೆ ಮಂಡಿಸಿದ್ದರಿಂದ. ಧರ್ಮಪುರಿ, ಕೃಷ್ಣಗಿರಿ, ಬೆಂಗಳೂರು ಸೀಮೆಯ ಎಂಜಿನಿಯರಿಂಗ್ ಕಾಲೇಜುಗಳು ಗಡಿಯ ಹಳ್ಳಿಗಳಲ್ಲಿ ಸಂಕೇತದ ಬಲವನ್ನು ಅಳೆದು ದಾಖಲಿಸಲಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಸಾರ್ವಜನಿಕರ ಅಭಿಪ್ರಾಯ ಕೇಳಿ ಸಮಾಲೋಚನಾ ಪತ್ರ ಹೊರಡಿಸಿದಾಗ ಪಂಚಾಯಿತಿಗಳೂ ಕನ್ನಡ ಸಂಘಗಳೂ ಆ ದಾಖಲೆಗಳೊಡನೆ ಉತ್ತರ ಬರೆಯಲಿ, ಎರಡೂ ರಾಜ್ಯಗಳ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ಗಡಿ ತಾಲ್ಲೂಕುಗಳಿಗೆ ತಮಿಳು, ಕನ್ನಡ, ತೆಲುಗು ಮೂರರಲ್ಲಿಯೂ ಎಚ್ಚರಿಕೆ ಕಳುಹಿಸುವ ಕ್ರಮವನ್ನು ಕೈಗೊಳ್ಳಲಿ. ತರಂಗಗಳು ಎಲ್ಲರ ಸಂಪತ್ತು ಎಂದು ಒಪ್ಪಿಕೊಂಡ ಒಕ್ಕೂಟದಲ್ಲಿ ಭಾರತ ಒಂದೂವರೆ ಶತಮಾನದಿಂದ ಸದಸ್ಯ ದೇಶವಾಗಿದೆ; ಆ ಸಂಪತ್ತಿನಲ್ಲಿ ಮಾರಂಡಹಳ್ಳಿಯ ಪಾಲನ್ನು ಕೇಳುವ ಹೊಣೆ ಅಲ್ಲಿಯ ಜನರದ್ದೂ ಅವರ ಭಾಷೆಯನ್ನಾಡುವ ಎಲ್ಲರದ್ದೂ ಆಗಿದೆ.